ಜರ್ಮನಿಗೆ ಹೊರಡುವವರು ಬಾಡಿಗೆಯ ಲೆಕ್ಕವನ್ನು ಬಿಡಿಸಿ ನೋಡಿ

ನಮ್ಮ ಕೋಲಾರದ ಕಡೆಯಿಂದ ಜರ್ಮನಿಗೆ ಕೆಲಸಕ್ಕೆ ಹೊರಟಿರುವವರಿಗೆ ಒಂದು ಮಾತು. ಸಂಬಳದ ಯೂರೋವನ್ನು ರೂಪಾಯಿಗೆ ಗುಣಿಸಿ ಹಿಗ್ಗಬೇಡಿ. ತೆರಿಗೆ, ಆರೋಗ್ಯ ವಿಮೆ, ಪಿಂಚಣಿ ಎಲ್ಲವೂ ಮೊದಲೇ ಕಡಿತವಾಗುತ್ತವೆ. ಕೈಗೆ ಬರುವ ಮೊತ್ತವನ್ನು ಹಿಡಿದೇ ಲೆಕ್ಕ ಹಾಕಿ.

ನನ್ನ ಅಕ್ಕನ ಮಗ ಹೊರಟಾಗ ಜಾಹೀರಾತಿನಲ್ಲಿದ್ದ ಬಾಡಿಗೆಯನ್ನಷ್ಟೇ ಬರೆದುಕೊಂಡಿದ್ದ. ಅದು ‘ಕಾಲ್ಟ್‌ಮೀಟೆ’, ಅಂದರೆ ಬರೀ ಮನೆಯ ಬಾಡಿಗೆ. ನೀರು, ಕಸ, ಸಾಮಾನ್ಯವಾಗಿ ಮನೆ ಬೆಚ್ಚಗಿಡುವ ಖರ್ಚೂ ಸೇರಿದರೆ ‘ವಾರ್ಮ್‌ಮೀಟೆ’. ಕರೆಂಟು, ಇಂಟರ್‌ನೆಟ್ ಬಹುತೇಕ ಅದರ ಮೇಲೆ ಬೇರೆ. ಮುಂಗಡವಾಗಿ 3 ತಿಂಗಳ ಕಾಲ್ಟ್‌ಮೀಟೆಯವರೆಗೆ ಕೇಳಬಹುದು. ಅದನ್ನು 3 ಕಂತಿನಲ್ಲಿ ಕೊಡುವ ಹಕ್ಕು ಕಾನೂನಿನಲ್ಲೇ ಇದೆ, ಬಾಯಿಬಿಟ್ಟು ಕೇಳಿ. ಅಡುಗೆಮನೆಯ ಫೋಟೋವನ್ನೂ ತರಿಸಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಒಲೆ, ಸಿಂಕ್ ಏನೂ ಇರುವುದಿಲ್ಲ, ಗೋಡೆಯಿಂದ ಇಣುಕುವ ನೀರಿನ ಕೊಳವೆ ಮಾತ್ರ. ಅವನಿಗೆ ಹೆಚ್ಚು ಖರ್ಚು ತಂದದ್ದು ಇದೇ. ಟೀವಿ ಇಲ್ಲದಿದ್ದರೂ ಪ್ರತಿ ಮನೆಗೂ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕವಿದೆ.

ದಿನಸಿಗಾಗಿ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಮಂಡಿಯ ಟೊಮೆಟೊ ದರವನ್ನು ಅಲ್ಲಿಯದಕ್ಕೆ ಹೋಲಿಸಿ ಫಲವಿಲ್ಲ. ಅಮ್ಮ ಕಟ್ಟಿಕೊಡುವ ತುಪ್ಪದ ಡಬ್ಬಿಯನ್ನು ಮಾತ್ರ ಇಲ್ಲೇ ಬಿಡಿ. ಹಾಲಿನ ಪದಾರ್ಥಗಳನ್ನು ಭಾರತದಿಂದ ಒಯ್ಯಲು ಅಲ್ಲಿ ಅನುಮತಿಯಿಲ್ಲ.