ಋತುವಿನ ಮೊದಲ ಹಿಮ: ಕುಸಿತದ ಅಪಾಯವನ್ನು ಅಂದಾಜಿಸುವ ಕ್ರಮ

ಡಿಸೆಂಬರ್ ರಜೆಯಲ್ಲಿ ಮೈಸೂರು, ಮಂಡ್ಯಗಳಿಂದ ಹಿಮಾಲಯದ ಚಾರಣಕ್ಕೆ ಹೊರಡುವವರು, ಮೊಣಕಾಲುದ್ದವೂ ಇಲ್ಲದ ಹಿಮ ಏನು ಮಾಡೀತು ಎಂದುಕೊಳ್ಳುವುದುಂಟು. ಆದರೆ ಹೊದಿಕೆ ತೆಳುವಾದಷ್ಟೂ ಅದರ ತಳ ಸಡಿಲವಾಗುವ ಸಂಭವ ಹೆಚ್ಚು. ನೆಲಕ್ಕೆ ತಾಗಿದ ಹಿಮ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿದ್ದು, ಮೇಲಿನ ಗಾಳಿ ಅದಕ್ಕಿಂತ ಬಹಳ ತಣ್ಣಗಿರುವಾಗ, ಅಷ್ಟೂ ವ್ಯತ್ಯಾಸ ಸ್ವಲ್ಪವೇ ದಪ್ಪದೊಳಗೆ ಅಡಕವಾಗುವುದರಿಂದ, ಕೆಳಗಿನಿಂದೇರುವ ನೀರಾವಿಯು ಹಿಮಕಣಗಳನ್ನು ಒಂದಕ್ಕೊಂದು ಅಂಟದ ದಪ್ಪ ಹರಳುಗಳನ್ನಾಗಿಸುತ್ತದೆ. 10 ಸೆಂಟಿಮೀಟರಿಗೆ 1 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಈ ಕ್ರಿಯೆ ಚುರುಕಾಗುತ್ತದೆ. ಬಳಿಕ ಬಿದ್ದ ಹಿಮವನ್ನು ಗಾಳಿಯು ಒತ್ತಿ ಗಟ್ಟಿ ಪದರವಾಗಿಸಿದರೆ ಕುಸಿತಕ್ಕೆ ಎಲ್ಲವೂ ಅಣಿಯಾದಂತೆ.

ಮೊದಲು ಇಳಿಜಾರನ್ನು ಅಳೆಯಬೇಕು. ಹೆಚ್ಚಿನ ಕುಸಿತಗಳು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಆಗುತ್ತವೆ. ಕಣ್ಣಳತೆಯನ್ನು ನಂಬುವಂತಿಲ್ಲ, ಊರುಗೋಲನ್ನು ಇಳಿಜಾರಿಗೆ ಮಲಗಿಸಿ, ಅದರ ಮೇಲೆ ಫೋನಿನ ಕೋನಮಾಪಕವನ್ನಿಟ್ಟು ಅಳೆಯುವುದನ್ನು ಕುಂತಿಬೆಟ್ಟದಲ್ಲೋ ಚಾಮುಂಡಿ ಬೆಟ್ಟದಲ್ಲೋ ಮೊದಲೇ ರೂಢಿಸಿಕೊಳ್ಳಬಹುದು. ನಿಂತ ಜಾಗ ಸಮತಟ್ಟಾಗಿದ್ದರೂ ಮೇಲಿನ ಇಳಿಜಾರು ಲೆಕ್ಕಕ್ಕೆ ಬರುತ್ತದೆ. ಬಿಸಿಲು ಅಷ್ಟಾಗಿ ಬೀಳದ ಉತ್ತರದ ಮಗ್ಗುಲಲ್ಲಿ ಮೊದಲು ಬಿದ್ದ ಹಿಮ ಕರಗದೆ ಉಳಿದಿರುವುದರಿಂದ ಅಲ್ಲಿ ಹೆಚ್ಚು ಎಚ್ಚರ ಬೇಕು.

ಅನಂತರ, ಮೇಲಿನಿಂದ ಅಪಾಯವಿಲ್ಲದ ಕಡೆ ಸಲಿಕೆಯಿಂದ ನೆಲ ಮುಟ್ಟುವವರೆಗೆ ಅಗೆದು, ತಳದ ಹಿಮವನ್ನು ಹಿಂಡಿ ನೋಡಿ. ಅದು ಉಂಡೆ ಕಟ್ಟದೆ ಸಕ್ಕರೆಯಂತೆ ಬೆರಳ ಸಂದಿಯಿಂದ ಉದುರಿದರೆ (ಮಂಡ್ಯದವರಿಗೆ ಇದನ್ನು ವಿವರಿಸಬೇಕಿಲ್ಲ) ಅನುಮಾನಪಡಲು ಕಾರಣವಿದೆ. ಆಗ 30 ಸೆಂಟಿಮೀಟರ್ ಚೌಕದ ಕಂಬವೊಂದನ್ನು ಸುತ್ತಲಿನ ಹಿಮದಿಂದ ಬಿಡಿಸಿ, ಮೇಲೆ ಸಲಿಕೆಯ ಅಲಗನ್ನಿಟ್ಟು, ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು ಬಾರಿ ತಟ್ಟಬೇಕು. ಕೆಲವೇ ತಟ್ಟಿಗೆ ಮೇಲಿನ ಪದರ ಸಲೀಸಾಗಿ ಜಾರಿ ಬಂದರೆ ಆ ಇಳಿಜಾರನ್ನು ಬಿಟ್ಟುಬಿಡಿ. ಜಾರದಿದ್ದರೂ ಅದನ್ನು ಒಪ್ಪಿಗೆಯೆಂದು ತಿಳಿಯಬಾರದು, ಏಕೆಂದರೆ ಈ ಕಾಲದಲ್ಲಿ ಹಿಮದ ದಪ್ಪ ಹೆಜ್ಜೆಗೊಂದರಂತೆ ಬದಲಾಗುತ್ತದೆ. ಬಂಡೆಗಳ ಬದಿಯ ತೆಳು ಭಾಗದಲ್ಲಿ ಒಬ್ಬರ ಭಾರವೇ ಸಡಿಲ ಪದರಕ್ಕೆ ತಗುಲುತ್ತದೆ.

ಕಾಲಡಿಯಲ್ಲಿ ‘ಧಬ್’ ಎಂದು ಹಿಮ ಕುಸಿದ ಸದ್ದು, ಹೆಜ್ಜೆಯಿಂದ ಮುಂದಕ್ಕೋಡುವ ಬಿರುಕು, ಪಕ್ಕದ ಇಳಿಜಾರಿನಲ್ಲಿ ಆಗತಾನೆ ಆದ ಕುಸಿತ, ಇವುಗಳಲ್ಲಿ ಒಂದು ಕಂಡರೂ ಪರೀಕ್ಷೆಯ ಫಲವನ್ನು ಬದಿಗಿಟ್ಟು ಹಿಂದಿರುಗಬೇಕು. ಪರ್ವತಾರೋಹಣ ಕಲಿಯುವವರೂ ಈ ಅಪಾಯಕ್ಕೆ ಹೊರತಲ್ಲ: 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಾಂಡಾ-2 ಶಿಖರದಲ್ಲಿ ಕುಸಿತಕ್ಕೆ ಸಿಕ್ಕಿದ್ದು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡ.

ಹೊರಡುವ ಮೊದಲು ಚಂಡೀಗಢದ ಡಿಜಿಆರ್‌ಇ (ಡಿಆರ್‌ಡಿಒದ ಸಂಶೋಧನಾ ಸಂಸ್ಥೆ) ಹೊರಡಿಸುವ ಹಿಮಕುಸಿತದ ಮುನ್ಸೂಚನೆಯನ್ನು ಓದಿ. ಹೂತುಹೋದವರು ಬದುಕುವ ಸಾಧ್ಯತೆ ಮೊದಲ ಕಾಲು ಗಂಟೆಯೊಳಗೇ ಕುಗ್ಗತೊಡಗುವುದರಿಂದ, ಟ್ರಾನ್ಸೀವರ್ (ಹೂತವರನ್ನು ಪತ್ತೆಹಚ್ಚಲು ರೇಡಿಯೊ ಸಂಕೇತ ಕಳಿಸುವ, ಹಿಡಿಯುವ ಸಾಧನ), ಶೋಧನೆಯ ಉದ್ದ ಕಡ್ಡಿ, ಸಲಿಕೆ ಈ ಮೂರೂ ತಂಡದ ಪ್ರತಿಯೊಬ್ಬರ ಬಳಿಯೂ ಇರಬೇಕು. ಸಂದೇಹದ ಜಾಗವನ್ನು ಒಬ್ಬೊಬ್ಬರಾಗಿಯೇ ದಾಟಬೇಕು.