ನೇರ ನೋಡಿದರೆ ಕಾಣದವರಿಗೆ ಓರೆನೋಟ ಕಲಿಸುವುದು ಹೇಗೆ?

‘ನನ್ನ ಮುಖ ನೋಡಿ ಮಾತಾಡೋ’ ಅಂತ ಅಕ್ಕನ ಮಗನನ್ನು ಮೇಷ್ಟ್ರು ಗದರುತ್ತಿದ್ದರು. ಅವನು ನೋಡುತ್ತಲೇ ಇದ್ದ. ಮೇಷ್ಟ್ರ ಹಣೆಯ ಮೇಲಕ್ಕೆ ದೃಷ್ಟಿ ಇಟ್ಟರೆ ಮಾತ್ರ ಅವನಿಗೆ ಅವರ ಮುಖ ಕಾಣುತ್ತದೆ, ನೇರ ನೋಡಿದರೆ ಮುಖ ಇರಬೇಕಾದ ಕಡೆ ಬರೀ ಮಸುಕು.

ಇದು ಸ್ಟಾರ್ಗಾರ್ಟ್ ಕಾಯಿಲೆ. ಜರ್ಮನಿಯ ಕಣ್ಣಿನ ವೈದ್ಯ ಕಾರ್ಲ್ ಸ್ಟಾರ್ಗಾರ್ಟ್ 1909ರಲ್ಲಿ ಇದರ ಬಗ್ಗೆ ಬರೆದರು. ಸಾಮಾನ್ಯವಾಗಿ ಎಬಿಸಿಎ4 ಎಂಬ ಜೀನ್ ಅಪ್ಪ, ಅಮ್ಮ ಇಬ್ಬರಿಂದಲೂ ಕೆಟ್ಟದ್ದೇ ಬಂದಾಗ ರೆಟಿನಾದ (ಕಣ್ಣಿನ ಹಿಂಭಾಗದ, ಬೆಳಕು ಗ್ರಹಿಸುವ ಪದರ) ನಡುಭಾಗದಲ್ಲಿ ಕಸ ತುಂಬಿ ಜೀವಕೋಶಗಳು ಸಾಯುತ್ತವೆ. ಸೋದರಮಾವನನ್ನೇ ಮದುವೆಯಾಗುವ ಮನೆಗಳಲ್ಲಿ ಇದರ ಸಾಧ್ಯತೆ ಜಾಸ್ತಿ. ಕನ್ನಡಕ ಹಾಕಿದರೂ ಆ ಮಸುಕು ಹೋಗುವುದಿಲ್ಲ. ಆದರೆ ಅಂಚಿನ ನೋಟ ಉಳಿದಿರುತ್ತದಲ್ವಾ, ಅದನ್ನು ಬಳಸಬಹುದು.

ಮೊದಲು ರೆಟಿನಾ ವೈದ್ಯರಿಗೆ ತೋರಿಸಿ. ಆಮೇಲೆ ದೊಡ್ಡ ಬಿಳಿ ಹಾಳೆಯಲ್ಲಿ ಗಡಿಯಾರದ ಹಾಗೆ 1ರಿಂದ 12 ಬರೆದು, ನಡುವೆ ದಪ್ಪ ಸ್ಕೆಚ್ ಪೆನ್ನಿನಲ್ಲಿ ‘ಕ’ ಬರೆಯಿರಿ.

ಎಲ್ಲರೂ ಎಡವುವುದು ಇಲ್ಲೇ. ಚೆನ್ನಾಗಿ ಕಾಣುವ ಕಣ್ಣು ತೆರೆದಿರಲಿ, ಇನ್ನೊಂದನ್ನು ಮುಚ್ಚಿ. ಹಾಳೆ ಒಂದು ಮೊಳ ದೂರ ಇರಲಿ. ತಲೆ ತಿರುಗಿಸಬಾರದು, ಕಣ್ಣು ಮಾತ್ರ 12ರ ಕಡೆ ಹೋಗಲಿ. ‘ಈಗ ಕ ಕಾಣ್ತಾ?’ ಅಂತ ಕೇಳಿ, ಆಮೇಲೆ 1, 2 ಅಂತ ಒಂದು ಸುತ್ತು ಬನ್ನಿ. ‘ಕ’ ಕಾಣುತ್ತಿದ್ದಂತೆ ಮಗು ಆಸೆಗೆ ಅದನ್ನೇ ನೇರ ನೋಡಿಬಿಡುತ್ತದೆ, ಆಗ ಅದು ಮತ್ತೆ ಮಾಯ. ಗದರಬೇಡಿ, ಮತ್ತೆ ಶುರುಮಾಡಿ. ಯಾವ ಅಂಕಿ ನೋಡಿದಾಗ ‘ಕ’ ಚೆನ್ನಾಗಿ ಕಾಣುತ್ತದೋ ಅದೇ ಅವರ ದಿಕ್ಕು. ಎರಡು ದಿಕ್ಕು ಹೆಚ್ಚುಕಮ್ಮಿ ಸಮ ಎನಿಸಿದರೆ ಮೇಲಿನದೋ ಕೆಳಗಿನದೋ ಆರಿಸಿ. ಪಕ್ಕದ ದಿಕ್ಕಾದರೆ ಓದುವಾಗ ಮಸುಕು ಸಾಲಿನ ಮೇಲೇ ಕೂರುತ್ತದೆ.

ಓದುವಾಗ ಕಣ್ಣನ್ನು ಆ ದಿಕ್ಕಿನಲ್ಲೇ ನಿಲ್ಲಿಸಿ ಹಾಳೆಯನ್ನೇ ಸರಿಸಬೇಕು. ಕನ್ನಡದಲ್ಲಿ ಒತ್ತಕ್ಷರ ಸಣ್ಣದು, ‘ಅಮ್ಮ’ ಹೋಗಿ ‘ಅಮ’ ಆಗುತ್ತದೆ. ಹಾಗಾಗಿ ಅಕ್ಷರ ದೊಡ್ಡದೇ ಇರಲಿ. ಅಂಗಡಿಯ ಅಗ್ಗದ ಪ್ಲಾಸ್ಟಿಕ್ ಭೂತಗನ್ನಡಿ ಬೇಡ, ಅಂಚೆಲ್ಲ ಸೊಟ್ಟಗೆ ಕಾಣುತ್ತದೆ. ಫೋನಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ.

ಹಾಂ, ಕಣ್ಣಿಗೆ ಒಳ್ಳೆಯದು ಅಂತ ಸುಮ್ನೆ ವಿಟಮಿನ್ ಎ ಗುಳಿಗೆ ನುಂಗಿಸಬೇಡಿ. ಈ ಕಾಯಿಲೆಯಲ್ಲಿ ತುಂಬುವ ಕಸ ಹುಟ್ಟುವುದೇ ಆ ವಿಟಮಿನ್‌ನಿಂದ. ಊಟದಲ್ಲಿ ಕ್ಯಾರೆಟ್ ಪಲ್ಯ ಇದ್ದರೆ ತೊಂದರೆಯಿಲ್ಲ.

ದಿನಕ್ಕೆ ಹತ್ತು ನಿಮಿಷ ಸಾಕು, ಕಣ್ಣು ದಣಿದರೆ ನಿಲ್ಲಿಸಿ. ಊಟಕ್ಕೆ ಕೂತಾಗ ತಟ್ಟೆಯಲ್ಲಿ ಉಪ್ಪಿನಕಾಯಿ ಎಲ್ಲಿದೆ ಅಂತ ಕೇಳಿ, ಅದೂ ಅಭ್ಯಾಸವೇ.