ಆರಾಣೆ ಬಂಡಿದಾರಿಯಲ್ಲಿ ಲೇಔಟ್ ರಸ್ತೆ: ಒಬ್ಬ ಸರ್ವೆಯರ್‌ನ ಅನುಭವ

ಸಕಲೇಶಪುರದ ಸುತ್ತಮುತ್ತ ನಾನು ಪರವಾನಗಿ ಭೂಮಾಪಕ. ಗುಡ್ಡದ ಮೇಲಿನ ಕಾಫಿ ತೋಟ ಕನ್ವರ್ಷನ್ ಆಗಿ ಸೈಟುಗಳಾಗುತ್ತದೆ ಅನ್ನುವ ಸುದ್ದಿ ಬಂದರೆ ಸಾಕು, ಕೆಳಗಿನ ಮನೆಯವರಿಗೂ ಜಮೀನು ಕೊಂಡವರಿಗೂ ದಾರಿ ಜಗಳ ಶುರುವಾಗುತ್ತದೆ. ಅಂಥದ್ದೊಂದನ್ನು ಹೇಗೆ ನಡೆಸಿದೆ ಅಂತ ಬರೆಯುತ್ತಿದ್ದೇನೆ, ಬೇರೆ ಊರಿನವರಿಗೂ ಉಪಯೋಗವಾದೀತು.

ಲೇಔಟಿನವರು "ನಕಾಶೆ ಕಂಡ ದಾರಿ, ಸರ್ಕಾರದ್ದು, ತಡೆಯೋಕೆ ನೀವ್ಯಾರು?" ಅನ್ನುತ್ತಿದ್ದರು. ಕೆಳಗಿನವರು "ನಮ್ಮ ಹಿರಿಯರು ಜಾಗ ಬಿಟ್ಟು ಮಾಡಿಕೊಂಡ ದಾರಿ" ಅನ್ನುತ್ತಿದ್ದರು. ದಾರಿ ಅಗಲ ಮಾಡೋಕೆ ಜೆಸಿಬಿ ಬಂದ ದಿನ ಹೆಂಗಸರು ಅಡ್ಡ ನಿಂತಿದ್ದರು. ಅಳತೆಗೆ ನನ್ನನ್ನು ಕರೆದದ್ದು ಲೇಔಟಿನವರು. ಅಕ್ಕಪಕ್ಕದ ಹಿಡುವಳಿದಾರರಿಗೆಲ್ಲ ಮೊದಲೇ ತಿಳಿಸಬೇಕು, ಅವರೆದುರೇ ಅಳತೆಯಾಗಬೇಕು ಅಂದೆ. ಒಪ್ಪಿದರು.

ಅಳತೆಗೆ ಮುಂಚೆ ಕಾಗದ. ಜನ ಸಾಮಾನ್ಯವಾಗಿ ತಮ್ಮ ಸರ್ವೆ ನಂಬರಿನ ಟಿಪ್ಪಣಿ (ಹಳೇ ಸರ್ವೆಯ ಅಳತೆ ಚಿತ್ರ) ಮಾತ್ರ ತೆಗೆಸುತ್ತಾರೆ. ದಾರಿ ಜಗಳಕ್ಕೆ ಅದು ಸಾಲದು. ಗ್ರಾಮ ನಕಾಶೆ, ಆಕಾರ್‌ಬಂದ್ (ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ), ದಾರಿಯ ಎರಡೂ ಬದಿಯ ನಂಬರುಗಳ ಮೂಲ ಟಿಪ್ಪಣಿ ಎಲ್ಲವೂ ಬೇಕು. ದಾರಿ ಒಂದು ನಂಬರಿನಲ್ಲಿ ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ಅಂತ ಕಳೆದಿರುತ್ತದೆ, ಪಕ್ಕದ ನಂಬರಿನಲ್ಲಿ ಅದರ ಸುಳಿವೇ ಇರುವುದಿಲ್ಲ.

ಇಲ್ಲಿ ಆದದ್ದೂ ಅದೇ. ಕೆಳಗಿನ ಅರ್ಧ ಬಿ ಖರಾಬು, ಅಂದರೆ ಸಾರ್ವಜನಿಕ ದಾರಿ. ಅದಕ್ಕೆ ಗೇಟು ಹಾಕುವ ಅಧಿಕಾರ ಯಾರಿಗೂ ಇಲ್ಲ. ಆದರೆ ಟಿಪ್ಪಣಿಯಲ್ಲಿ ಅಗಲ ಆರು ಆಣೆ. ನಮ್ಮ ಹಳೇ ಅಳತೆಯಲ್ಲಿ ಸರಪಳಿ 33 ಅಡಿ, ಅದಕ್ಕೆ 16 ಆಣೆ. ಆರಾಣೆಗೆ 12 ಅಡಿ ನಾಲ್ಕೂವರೆ ಇಂಚು, ಅಂದರೆ ಸುಮಾರು 3.8 ಮೀಟರ್, ಎತ್ತಿನ ಗಾಡಿ ಲೆಕ್ಕದ ದಾರಿ. ಲೇಔಟ್ ಪ್ಲಾನಿನಲ್ಲಿ ಇದನ್ನೇ 9 ಮೀಟರ್ ಅಂತ ಬರೆದಿದ್ದರು. ತಿರುವಿನಿಂದ ಮೇಲಕ್ಕಂತೂ ನಕಾಶೆಯಲ್ಲಿ ದಾರಿಯೇ ಇಲ್ಲ. ಅದು ಒಬ್ಬರ ಹಿಡುವಳಿ. ತೋಟದ ಆಳುಗಳು ಓಡಾಡಲಿ ಅಂತ ಅವರ ತಂದೆ ಬಾಯಿಮಾತಿನಲ್ಲಿ ಬಿಟ್ಟಿದ್ದ ಕಾಲುದಾರಿ.

ಅಳತೆಯ ದಿನ ಗಡಿ ಗುರುತಿನ ಬಾಂದು ಕಲ್ಲುಗಳನ್ನು ಪೊದೆ ಸವರಿ ಹುಡುಕಿ, ಅಲ್ಲಿಂದಲೇ ಹಿಡಿದು ಆರಾಣೆಯನ್ನು ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಎಳೆದೆ. ಒಂದು ಮನೆಯ ಕಾಂಪೌಂಡು ಎರಡಡಿ ಗೆರೆಯೊಳಗಿತ್ತು. ಆ ಮನೆಯ ಅಜ್ಜಿ ನೋಡಿ, "ಕಲ್ಲು ಹೇಳಿದ್ಮೇಲೆ ಮುಗೀತು, ತೆಗೀತೀವಿ ಕಣಪ್ಪ. ಆದ್ರೆ ಆ ಧರೆ ಮುಟ್ಟಬ್ಯಾಡ ಅಂತ ಅವ್ರಿಗೆ ಹೇಳು, ಆಷಾಢದಲ್ಲಿ ಅಲ್ಲಿ ಜಲ ಏಳ್ತದೆ" ಅಂದರು.

ಆ ಮಾತು ಹಿಡಿದು ಲೇಔಟಿನವರನ್ನು ಮಳೆಗಾಲದಲ್ಲೇ ಇನ್ನೊಮ್ಮೆ ಜಾಗಕ್ಕೆ ಕರೆದುಕೊಂಡು ಹೋದೆ. ಧರೆಯ (ದಾರಿ ಪಕ್ಕದ ಕಡಿದಾದ ಮಣ್ಣಿನ ಗೋಡೆಯ) ಬುಡದಲ್ಲಿ ಬೆರಳು ದಪ್ಪದ ನೀರು ಮಣ್ಣಿನ ಬಣ್ಣದಲ್ಲಿ ಬರುತ್ತಿತ್ತು. ತಿಳಿನೀರಾದರೆ ಅಷ್ಟು ಹೆದರಿಕೆಯಿಲ್ಲ. ಮಣ್ಣು ಹೊತ್ತು ಬಂದರೆ ಒಳಗೆ ಟೊಳ್ಳಾಗುತ್ತಿದೆ ಅಂತಲೇ ತಿಳಿಯಬೇಕು. ಇಳಿಜಾರು 30 ಡಿಗ್ರಿ. ಕೆಳಬದಿಯಲ್ಲಿ ಮನೆಗಳಿರುವುದರಿಂದ ಇನ್ನೂ 5 ಮೀಟರ್ ಅಗಲ ಬೇಕಾದರೆ ಗುಡ್ಡದ ಕಡೆ ಸುಮಾರು 3 ಮೀಟರ್ ಎತ್ತರಕ್ಕೆ ನೆಟ್ಟಗೆ ಕಡಿಯಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜಾರಿದ್ದನ್ನು, 2024ರ ಜುಲೈನಲ್ಲಿ ನಮ್ಮದೇ ಶಿರಾಡಿ ಹೆದ್ದಾರಿಗೆ ಮಣ್ಣು ಕುಸಿದದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಲದ್ದಕ್ಕೆ ತಿರುವಿನ ಏರು ಶೇ. 12. ಕಡಿದಾದ ಗುಡ್ಡದ ರಸ್ತೆಗೂ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನಿವಾರ್ಯವಾದಲ್ಲಿ ಒಪ್ಪುವುದು ಶೇ. 8.

ಕಾನೂನಿನ ಭಾಗವನ್ನು ಎರಡೂ ಕಡೆಯ ವಕೀಲರೇ ನೋಡಿಕೊಂಡರು. 1882ರ ಈಸ್‌ಮೆಂಟ್ ಕಾಯ್ದೆಯ (ಇನ್ನೊಬ್ಬರ ಜಮೀನಿನಲ್ಲಿ ದಾರಿಯಂಥ ಬಳಕೆಯ ಹಕ್ಕಿನ ಕಾಯ್ದೆ) 15ನೇ ಕಲಂ ಪ್ರಕಾರ 20 ವರ್ಷ ಹಕ್ಕಿನಿಂದ ಓಡಾಡಿದ್ದರೆ ದಾರಿಯ ಹಕ್ಕು ಬರುತ್ತದೆ. ಅಪ್ಪಣೆ ಪಡೆದು ಓಡಾಡಿದ್ದು ಆ ಲೆಕ್ಕಕ್ಕೆ ಬಾರದು. ಹಕ್ಕಿದ್ದರೂ 29ನೇ ಕಲಂ ಇದೆ: ತನ್ನ ಜಮೀನನ್ನು ಬದಲಾಯಿಸಿಕೊಂಡ ಮಾತ್ರಕ್ಕೆ ಪಕ್ಕದವನ ಮೇಲಿನ ಹೊರೆಯನ್ನು ಹೆಚ್ಚಿಸುವಂತಿಲ್ಲ. ಆಳುಗಳು ನಡೆದ ದಾರಿಯಲ್ಲಿ ದಿನವಿಡೀ ಟಿಪ್ಪರ್ ಓಡಿಸುವುದು ಹೊರೆ ಹೆಚ್ಚಿಸುವುದೇ. ಬೇರೆ ದಾರಿಯೇ ಇಲ್ಲ ಅನ್ನುವ ವಾದವೂ ನಿಲ್ಲಲಿಲ್ಲ. ಜಮೀನಿನ ಇನ್ನೊಂದು ಅಂಚು ಗುಡ್ಡದಾಚೆಯ ಪಂಚಾಯ್ತಿ ರಸ್ತೆಗೆ ತಾಗುತ್ತದೆ ಅಂತ ನನ್ನ ನಕ್ಷೆಯಲ್ಲೇ ಕಂಡಿತು.

ಆ ಕಡೆಯಿಂದ ಬಂದರೆ ಸುತ್ತು, ಖರ್ಚೂ ಜಾಸ್ತಿ. ಆದರೆ ಇಳಿಜಾರು ಸೌಮ್ಯ, ಕೆಳಗೆ ಯಾರ ಮನೆಯೂ ಇಲ್ಲ. ಲೇಔಟಿನವರು ಕೊನೆಗೆ ಅದಕ್ಕೇ ಒಪ್ಪಿದರು, ಸೈಟುಗಳೂ ಕಮ್ಮಿಯಾದವು. ನನ್ನ ಪ್ರಕಾರ ಅಷ್ಟು ಸೈಟು ಆ ಗುಡ್ಡಕ್ಕೆ ಮೊದಲೇ ಜಾಸ್ತಿಯಾಗಿತ್ತು.

ಇಂಥ ಒಪ್ಪಂದಗಳನ್ನು ಜನ ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿ ಸುಮ್ಮನಾಗುತ್ತಾರೆ, ಜಮೀನು ಕೈ ಬದಲಾದ ಕೂಡಲೇ ಜಗಳ ಮತ್ತೆ ಏಳುತ್ತದೆ. ಹಾಗಾಗಿ ನೋಂದಣಿ ಮಾಡಿಸಿದೆವು, ಅಳತೆ ನಕ್ಷೆ ಲಗತ್ತಿಸಿದೆವು. ಹಳೇ ದಾರಿಯ ಅಗಲ ಮೀಟರಿನಲ್ಲಿ, ಮೋರಿ ಎಲ್ಲಿ, ಚರಂಡಿ ಯಾವ ಬದಿಗೆ, ಮುಂಗಾರಿಗೆ ಮುಂಚೆ ಅದನ್ನು ತೆಗೆಸುವವರು ಯಾರು ಅನ್ನುವುದೂ ಅದರಲ್ಲಿದೆ. ಕಾಲುದಾರಿಯ ಹಿಡುವಳಿದಾರರು ಮಾತ್ರ ಇದಕ್ಕೆ ಸಹಿ ಹಾಕಿಲ್ಲ. ಅವರ ದಾವೆ ಸಿವಿಲ್ ಕೋರ್ಟಿನಲ್ಲಿ ಇನ್ನೂ ನಡೆಯುತ್ತಿದೆ.